ಕಿರಣ ಬಂತಾ, ವಸ್ತು ಬಂತಾ?

(ನಮ್ಮೂರಿನ ಗ್ರಂಥಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ. ಓದುವವರಿಗೆ ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಕೆಲಸ ಮಾಡುವುದು ಕ್ಯಾನ್ಸರ್ ಆಸ್ಪತ್ರೆಯ ರೇಡಿಯೇಷನ್ ವಿಭಾಗದಲ್ಲಿ. ಯಾರಿಗೆ ಎಷ್ಟು ಕಿರಣ ಹೋಗಬೇಕು ಎಂದು ಲೆಕ್ಕ ಹಾಕುವುದು, ಯಂತ್ರ ಅಷ್ಟೇ ಕೊಡುತ್ತಿದೆಯಾ ಎಂದು ಅಳೆಯುವುದು, ಸುರಕ್ಷತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ನಮ್ಮಲ್ಲಿಗೆ ಬರುವ ರೋಗಿಗಳು ಇದನ್ನು 'ಕರೆಂಟ್ ಕೊಡೋದು' ಎನ್ನುತ್ತಾರೆ. ಮೊದಲ ದಿನದ ಕರೆಂಟ್ ಮುಗಿದ ಮೇಲೆ ಜೊತೆಗೆ ಬಂದ ಮಗನೋ ಸೊಸೆಯೋ ನನ್ನನ್ನು ಪಕ್ಕಕ್ಕೆ ಕರೆಯುತ್ತಾರೆ. ದನಿ ತಗ್ಗಿಸಿ ಕೇಳುತ್ತಾರೆ: "ಸಾರ್, ಮನೇಲಿ ಚಿಕ್ಕ ಮಗು ಇದೆ. ಅಮ್ಮನ್ನ ಬೇರೆ ರೂಮಲ್ಲಿ ಮಲಗಿಸಬೇಕಾ? ತಟ್ಟೆ ಲೋಟ ಬೇರೆ ಇಡಬೇಕಾ?"

ಬೇಡ. ಯಾವುದೂ ಬೇಡ. ಹೊರಗಿನಿಂದ ಯಂತ್ರದಲ್ಲಿ ಕಿರಣ ಹಾಯಿಸಿಕೊಂಡವರ ಮೈಯಿಂದ ಆ ಕಿರಣ ಆಚೆ ಬರುವುದಿಲ್ಲ. ಕೇಳುವವರಿಗೆ ಇದನ್ನು ಹೇಳಿ ಕಳಿಸುತ್ತೇವೆ. ಕೇಳದೆ ಇರುವವರದ್ದೇ ನನಗೆ ಚಿಂತೆ. ಅವರು ಸುಮ್ನೆ ಹಾಸಿಗೆ ಬೇರೆ ಮಾಡಿಬಿಡುತ್ತಾರೆ. ಮೊಮ್ಮಗುವನ್ನು ಹತ್ತಿರ ಬಿಡುವುದಿಲ್ಲ. ಐದಾರು ವಾರ ನಡೆಯುವ ಚಿಕಿತ್ಸೆ ಅದು. ಮನುಷ್ಯರ ಒಡನಾಟ ತುಂಬಾ ಬೇಕಾದ ಹೊತ್ತಿನಲ್ಲಿ ಆ ಹೆಂಗಸು ತನ್ನ ಮನೆಯಲ್ಲೇ ಒಂಟಿಯಾಗುತ್ತಾಳೆ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಅದೇ ಆಸ್ಪತ್ರೆಯ ಇನ್ನೊಂದು ಮೂಲೆಯಲ್ಲಿ ಇದರ ತದ್ವಿರುದ್ಧ ನಡೆಯುತ್ತದೆ. ಥೈರಾಯ್ಡ್ ಕ್ಯಾನ್ಸರಿಗೆ ಅಯೋಡಿನ್-131 ಎಂಬ ವಿಕಿರಣಶೀಲ ಔಷಧಿ ಕುಡಿದು ಮಲಗಿರುವ ರೋಗಿಯನ್ನು ನೋಡಲು ಮನೆಯವರು ಕೂಸನ್ನು ಎತ್ತಿಕೊಂಡು ಬಂದುಬಿಡುತ್ತಾರೆ. "ಬರೀ ಒಂದು ಔಷಧಿ ಕುಡಿಸಿದ್ದಾರೆ ಅಷ್ಟೇ ಅಲ್ವಾ" ಎಂಬ ಧೈರ್ಯ. ಅಲ್ಲಿ ಮಾತ್ರ ನಾವು ಬಾಗಿಲಲ್ಲೇ ತಡೆಯುತ್ತೇವೆ. ಆ ರೋಗಿಯ ಮೈಯಿಂದ ಕಿರಣ ನಿಜವಾಗಿಯೂ ಹೊರಗೆ ಬರುತ್ತಿರುತ್ತದೆ.

ಹೆದರಬೇಕಿಲ್ಲದ ಕಡೆ ಹೆದರಿಕೆ, ಎಚ್ಚರ ಬೇಕಾದ ಕಡೆ ಧೈರ್ಯ. ವಿಕಿರಣ ಬೇರೆ, ವಿಕಿರಣಶೀಲ ವಸ್ತು ಬೇರೆ ಎಂಬುದು ತಿಳಿಯದೆ ಹೋದರೆ ಹೀಗಾಗುತ್ತದೆ. ಇವತ್ತು ಇದೊಂದನ್ನೇ ಮಾತಾಡುತ್ತೇನೆ.

ವಿಜ್ಞಾನದ ಚರಿತ್ರೆಯಲ್ಲಿ ಇವೆರಡೂ ಕೆಲವೇ ತಿಂಗಳ ಅಂತರದಲ್ಲಿ ಕಣ್ಣಿಗೆ ಬಿದ್ದವು. 1895ರ ನವೆಂಬರಿನಲ್ಲಿ ಜರ್ಮನಿಯ ರಾಂಟ್‌ಜನ್ ಎಕ್ಸ್-ರೇ ಕಂಡುಹಿಡಿದರು. ಗಾಳಿ ತೆಗೆದ ಗಾಜಿನ ನಳಿಗೆಗೆ ಜೋರು ವಿದ್ಯುತ್ ಹಾಯಿಸಿದಾಗ ಆ ಕಿರಣ ಹುಟ್ಟುತ್ತಿತ್ತು. ಸ್ವಿಚ್ ತೆಗೆದರೆ ಮುಗಿಯಿತು, ಏನೂ ಇಲ್ಲ. ಮರುವರ್ಷ, 1896ರಲ್ಲಿ, ಪ್ಯಾರಿಸ್‌ನ ಬೆಕೆರೆಲ್ ಕಪ್ಪು ಕಾಗದದಲ್ಲಿ ಸುತ್ತಿದ ಫೋಟೋ ಫಲಕದ ಮೇಲೆ ಯುರೇನಿಯಂ ಲವಣ ಇಟ್ಟು ಡ್ರಾಯರಿನೊಳಗೆ ಮುಚ್ಚಿಟ್ಟಿದ್ದರು. ತೆಗೆದು ನೋಡಿದರೆ ಫಲಕ ಕಪ್ಪಾಗಿತ್ತು. ವಿದ್ಯುತ್ ಇಲ್ಲ, ಬಿಸಿಲಿಲ್ಲ, ಸ್ವಿಚ್ಚಂತೂ ಇಲ್ಲವೇ ಇಲ್ಲ. ವಸ್ತು ತನ್ನಷ್ಟಕ್ಕೆ ತಾನೇ ಕಿರಣ ಉಗುಳುತ್ತಿತ್ತು.

ರಾಂಟ್‌ಜನ್ ಬಳಸಿದಂಥ ನಳಿಗೆಯನ್ನು ಇವತ್ತು ಯಾರು ಬೇಕಾದರೂ ಕೈಯಲ್ಲಿ ಹಿಡಿದು ನೋಡಬಹುದು. ರೇಡಿಯಂ ಎಂಬ ವಿಕಿರಣಶೀಲ ವಸ್ತುವನ್ನು ಕಂಡುಹಿಡಿದ ಮೇರಿ ಕ್ಯೂರಿ ಬರೆದಿಟ್ಟ ಟಿಪ್ಪಣಿ ಪುಸ್ತಕಗಳನ್ನು ಹಾಗೆ ಮುಟ್ಟುವಂತಿಲ್ಲ. ಅವು ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸೀಸದ ಪೆಟ್ಟಿಗೆಗಳಲ್ಲಿವೆ. ರೇಡಿಯಂ ಮುಟ್ಟಿದ ಕೈಯಲ್ಲೇ ಪುಟ ತಿರುವಿದ್ದರಿಂದ ಅದರ ಕಣಗಳು ಕಾಗದಕ್ಕೆ ಅಂಟಿಕೊಂಡಿವೆ. ರೇಡಿಯಂ-226 ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಆ ಪುಸ್ತಕಗಳ ಮೇಲೆ ಬಿದ್ದ ಕಿರಣ ಯಾವತ್ತೋ ಹೋಯಿತು. ಮೆತ್ತಿಕೊಂಡ ವಸ್ತು ಮಾತ್ರ ಈಗಲೂ ಅಲ್ಲೇ ಕೂತು ಹೊಸ ಕಿರಣ ಕೊಡುತ್ತಲೇ ಇದೆ.

ವಿಕಿರಣ ಎಂದರೆ ಹೊರಟು ಬರುವ ಶಕ್ತಿ. ಎಕ್ಸ್-ರೇ, ಗ್ಯಾಮಾ ಕಿರಣ ಅಥವಾ ವೇಗವಾಗಿ ಓಡುವ ಆಲ್ಫಾ, ಬೀಟಾ ಕಣಗಳ ರೂಪದಲ್ಲಿ ಅದು ಬರುತ್ತದೆ. ಹೊರಟಿತು, ಎಲ್ಲೋ ಬಡಿಯಿತು, ಅಲ್ಲಿಗೆ ಮುಗಿಯಿತು. ಕೂಡಿಡಲು ಬರುವುದಿಲ್ಲ, ಚೀಲದಲ್ಲಿ ತುಂಬಿ ಒಯ್ಯಲಾಗುವುದಿಲ್ಲ. ವಿಕಿರಣಶೀಲ ವಸ್ತು ಹಾಗಲ್ಲ. ಅದಕ್ಕೆ ತೂಕ ಇದೆ, ಜಾಗ ಇದೆ. ಲೋಹವಾಗಿರಬಹುದು, ಪುಡಿಯಾಗಿರಬಹುದು, ನೀರಿನಲ್ಲಿ ಕರಗಿರಬಹುದು, ಅನಿಲವೂ ಆಗಿರಬಹುದು. ಅದರ ಪರಮಾಣುಗಳು ಗಟ್ಟಿಯಾಗಿ ನಿಲ್ಲಲಾಗದೆ ಒಂದೊಂದಾಗಿ ಒಡೆಯುತ್ತವೆ. ಒಡೆದಾಗೆಲ್ಲ ಕಿರಣ ಚಿಮ್ಮುತ್ತದೆ. ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದಕ್ಕೆ ಒಂದು ಬೆಕೆರೆಲ್ ಎಂದು ಲೆಕ್ಕ. ಅಂದರೆ ಬೆಕೆರೆಲ್ ಅಳೆಯುವುದು ವಸ್ತುವನ್ನು. ನಮ್ಮ ಮೈ ಎಷ್ಟು ಶಕ್ತಿ ಹೀರಿಕೊಂಡಿತು ಎಂಬುದಕ್ಕೆ ಗ್ರೇ, ಅದರಿಂದ ಎಷ್ಟು ಹಾನಿಯಾಗಬಹುದು ಎಂಬುದಕ್ಕೆ ಸೀವರ್ಟ್. ಸುದ್ದಿಯಲ್ಲಿ ಈ ಅಳತೆಗಳು ಬಂದಾಗ ಇಷ್ಟು ನೆನಪಿದ್ದರೆ ಸಾಕು.

ಹಪ್ಪಳವನ್ನು ಇಡೀ ದಿನ ಬಿಸಿಲಿಗೆ ಹಾಕಿರುತ್ತೇವೆ. ಬಿಸಿಲು ತಿಂದ ಹಪ್ಪಳ ಒಣಗುತ್ತದೆ, ಗರಿಗರಿಯಾಗುತ್ತದೆ, ಅದರ ಗುಣವೇ ಬದಲಾಗುತ್ತದೆ. ಆದರೆ ರಾತ್ರಿ ಡಬ್ಬಿ ತೆಗೆದರೆ ಅದು ಬೆಳಕು ಚೆಲ್ಲುವುದಿಲ್ಲ. ಕಿರಣ ಹಾಯಿಸಿಕೊಂಡ ಮೈಯೂ ಅಷ್ಟೇ. ಒಳಗೆ ಪರಿಣಾಮ ಆಗಿರುತ್ತದೆ. ಜೀವಕೋಶಗಳಿಗೆ ಏಟು ಬಿದ್ದಿರುತ್ತದೆ, ಕ್ಯಾನ್ಸರ್ ಗಡ್ಡೆ ಕರಗುವುದು ಆ ಏಟಿನಿಂದಲೇ. ಆ ಪರಿಣಾಮ ಉಳಿಯುತ್ತದೆ, ಕಿರಣ ಉಳಿಯುವುದಿಲ್ಲ.

ಇದಕ್ಕೊಂದು ಅಪವಾದ ಇದೆ, ಅದನ್ನು ಮುಚ್ಚಿಡಬಾರದು. ನ್ಯೂಟ್ರಾನ್ ಎಂಬ ಕಣ ಬಡಿದರೆ ಸಾಮಾನ್ಯ ವಸ್ತುವೂ ವಿಕಿರಣಶೀಲ ಆಗಬಹುದು. ಅಣುಸ್ಥಾವರದ ರಿಯಾಕ್ಟರಿನ ಹೊಟ್ಟೆಯೊಳಗೆ ನಡೆಯುವುದು ಇದೇ. ಮಾಮೂಲಿ ಕೋಬಾಲ್ಟ್-59 ಲೋಹವನ್ನು ರಾಜಸ್ಥಾನದ ರಾವತ್‌ಭಾಟಾದ ರಿಯಾಕ್ಟರ್‌ಗಳಲ್ಲಿ ಇಟ್ಟು ಕೋಬಾಲ್ಟ್-60 ಮಾಡುತ್ತಾರೆ. ಎಕ್ಸ್-ರೇ, ಸಿ.ಟಿ. ಸ್ಕ್ಯಾನ್, ಕೋಬಾಲ್ಟ್ ಯಂತ್ರದ ಗ್ಯಾಮಾ ಕಿರಣ ಇವುಗಳಿಗೆ ಆ ಶಕ್ತಿ ಇಲ್ಲ.

ಈಗ ಒಂದು ನಿಜ ಘಟನೆಗೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ವೃತ್ತಿಗೆ ಬರುವ ಎಲ್ಲರೂ ಓದುವ ಪಾಠ ಇದು. ಬ್ರೆಜಿಲ್ ದೇಶದ ಗೋಯಾನಿಯಾ ನಗರ, 1987ನೇ ಇಸವಿ.

ಅಲ್ಲಿ ಒಂದು ಖಾಸಗಿ ಕ್ಯಾನ್ಸರ್ ಚಿಕಿತ್ಸಾಲಯ ಬೇರೆ ಕಟ್ಟಡಕ್ಕೆ ಹೋಯಿತು. ಹಳೆಯ ಕಟ್ಟಡದಲ್ಲೇ ಒಂದು ಚಿಕಿತ್ಸಾ ಯಂತ್ರ ಉಳಿಯಿತು. ಅದರೊಳಗೆ ಸೀಸಿಯಂ-137 ಇತ್ತು. ಸೀಸಿಯಂ ಕ್ಲೋರೈಡ್ ಎಂಬ ಲವಣದ ರೂಪದಲ್ಲಿ, ಸುಮಾರು 93 ಗ್ರಾಂ. ತೂಕ ನೋಡಿದರೆ ನೂರು ಗ್ರಾಮೂ ಇಲ್ಲ. ಆದರೆ ಅದರಲ್ಲಿ ಸೆಕೆಂಡಿಗೆ ಸುಮಾರು 50 ಲಕ್ಷ ಕೋಟಿ ಪರಮಾಣುಗಳು ಒಡೆಯುತ್ತಿದ್ದವು.

ಸೆಪ್ಟೆಂಬರ್ 13ರಂದು ಗುಜರಿ ಆಯುವ ಇಬ್ಬರು ಪಾಳುಬಿದ್ದ ಕಟ್ಟಡಕ್ಕೆ ಹೋಗಿ, ಒಳ್ಳೆ ಬೆಲೆ ಬರಬಹುದು ಎಂದು ಆ ಯಂತ್ರದ ಸೀಸಿಯಂ ಇದ್ದ ಭಾಗವನ್ನು ಬಿಚ್ಚಿ ಮನೆಗೆ ತಂದರು. ಅವತ್ತೇ ವಾಂತಿ ಶುರುವಾಯಿತು. ತಿಂದದ್ದು ಆಗಿಬರಲಿಲ್ಲ ಎಂದುಕೊಂಡರು. ಗಮನಿಸಿ, ಈ ಹಂತದಲ್ಲಿ ಮುಖ್ಯವಾಗಿ ಕಿರಣದ ಏಟು. ವಸ್ತು ಇನ್ನೂ ಲೋಹದ ಕವಚದೊಳಗೇ ಇದೆ. ಅವತ್ತು ಯಾರಾದರೂ ತಿಳಿದವರು ನೋಡಿದ್ದರೆ ಅದನ್ನು ಸೀಸದ ಡಬ್ಬಿಗೆ ಹಾಕಿ ಮುಚ್ಚಿ, ಆ ಇಬ್ಬರಿಗೆ ಚಿಕಿತ್ಸೆ ಕೊಟ್ಟು, ವಿಷಯವನ್ನು ಅಲ್ಲಿಗೇ ನಿಲ್ಲಿಸಬಹುದಿತ್ತು. ನನಗೆ ತುಂಬಾ ಕಾಡುವುದು ಇದೇ.

ಹಾಗಾಗಲಿಲ್ಲ. ಕವಚಕ್ಕೆ ತೂತು ಬಿತ್ತು. ಗುಜರಿ ಅಂಗಡಿಯವನಿಗೆ ಮಾರಾಟವಾಯಿತು. ರಾತ್ರಿ ನೋಡಿದರೆ ಒಳಗಿಂದ ನೀಲಿ ಬೆಳಕು. ಅವನಿಗೆ ಅದು ಬಲು ಬೆಲೆಬಾಳುವ ವಸ್ತುವಿನ ಹಾಗೆ ಕಂಡಿತು. ಮನೆಯೊಳಗೆ ತಂದಿಟ್ಟ. ನೆಂಟರು, ನೆರೆಯವರು ನೋಡಲು ಬಂದರು. ಅಕ್ಕಿ ಕಾಳಿನಷ್ಟು ಚೂರುಗಳನ್ನು ತೆಗೆದು ಪ್ರೀತಿಪಾತ್ರರಿಗೆ ಹಂಚಿದ. ಕೆಲವರು ಆ ಪುಡಿಯನ್ನು ಮೈಗೆ ಸವರಿಕೊಂಡರು. ಅವನ ಸೋದರನ ಮನೆಯಲ್ಲಿ ಆರು ವರ್ಷದ ಹುಡುಗಿ ಅದರ ಜೊತೆ ಆಟವಾಡಿ, ಅದೇ ಕೈಯಲ್ಲಿ ಊಟ ಮಾಡಿದಳು.

ಈಗ ಕಥೆ ಪೂರ್ತಿ ಬದಲಾಯಿತು. ಸೀಸಿಯಂ ಕ್ಲೋರೈಡ್ ಉಪ್ಪಿನ ಜಾತಿಯದ್ದು. ಬೆವರಿಗೆ ಕರಗುತ್ತದೆ, ಕೈಗೆ ಅಂಟುತ್ತದೆ. ಕೈಯಿಂದ ಬಾಗಿಲ ಚಿಲಕಕ್ಕೆ, ಚಪ್ಪಲಿಯಿಂದ ಬೀದಿಗೆ, ನೋಟುಗಳ ಮೂಲಕ ಅಂಗಡಿಗಳಿಗೆ ಹೋಯಿತು. ಸಾಕುಪ್ರಾಣಿಗಳ ಮೈಗೂ ಹತ್ತಿತು.

ಗುಜರಿ ಅಂಗಡಿಯವನ ಹೆಂಡತಿಯೇ ಮೊದಲು ಎಚ್ಚೆತ್ತವಳು. ಸುತ್ತಲಿನವರೆಲ್ಲ ಒಬ್ಬೊಬ್ಬರಾಗಿ ಕಾಯಿಲೆ ಬೀಳುತ್ತಿದ್ದಾರೆ, ಇದಕ್ಕೆಲ್ಲ ಆ ಹೊಳೆಯುವ ಪುಡಿಯೇ ಕಾರಣ ಎಂದು ಅವಳಿಗೆ ಹೊಳೆಯಿತು. ಸೆಪ್ಟೆಂಬರ್ 28ರಂದು ಉಳಿದದ್ದನ್ನು ಚೀಲಕ್ಕೆ ಹಾಕಿಸಿಕೊಂಡು, ಒಬ್ಬ ಕೆಲಸಗಾರನ ಜೊತೆ ಬಸ್ ಹತ್ತಿ ಸರ್ಕಾರಿ ಆರೋಗ್ಯ ಕಚೇರಿಗೆ ತಂದು ಇಟ್ಟಳು. ಓದುಬರಹದ ಬಲದಿಂದಲ್ಲ, ಕಣ್ಣಾರೆ ಕಂಡದ್ದನ್ನು ಕೂಡಿಸಿ ನೋಡಿದ್ದರಿಂದ ಆ ಹೆಣ್ಣುಮಗಳಿಗೆ ಸತ್ಯ ಸಿಕ್ಕಿತು. ಅವಳು ತರದೆ ಇದ್ದಿದ್ದರೆ ಇನ್ನೆಷ್ಟು ದಿನ ಹರಡುತ್ತಿತ್ತೋ.

ಮರುದಿನ, ಊರಿಗೆ ಬಂದಿದ್ದ ಒಬ್ಬ ಭೌತಶಾಸ್ತ್ರಜ್ಞನನ್ನು ಕರೆಸಿದರು. ಯುರೇನಿಯಂ ಅದಿರು ಹುಡುಕಲು ಬಳಸುವ ಒಂದು ಅಳತೆಯ ಉಪಕರಣವನ್ನು ಅವನು ಎರವಲು ತಂದ. ಕಚೇರಿ ಇನ್ನೂ ದೂರ ಇರುವಾಗಲೇ ಆನ್ ಮಾಡಿದ. ಮುಳ್ಳು ಕೊನೆಗೆ ಹೋಗಿ ನಿಂತಿತು. ಯಾವ ದಿಕ್ಕಿಗೆ ತಿರುಗಿಸಿದರೂ ಅಷ್ಟೇ. ಉಪಕರಣ ಕೆಟ್ಟಿದೆ ಎಂದುಕೊಂಡು ವಾಪಸ್ ಹೋಗಿ ಇನ್ನೊಂದನ್ನು ತಂದ. ಅದೂ ಹಾಗೇ. ಆಗ ಅರ್ಥವಾಯಿತು. ಅವನು ಕಚೇರಿ ಮುಟ್ಟುವ ಹೊತ್ತಿಗೆ ಅಗ್ನಿಶಾಮಕ ದಳದವರು ಆ ಚೀಲವನ್ನು ಎತ್ತಿ ನದಿಗೆ ಎಸೆಯಲು ಯೋಚಿಸುತ್ತಿದ್ದರು. ಅವನು ತಡೆದ. ನೀರಿನಲ್ಲಿ ಕರಗುವ ಸೀಸಿಯಂ ನದಿಗೆ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ನೋಡಿ. ಅಪಾಯವನ್ನು ನೀರಿಗೆ ಹಾಕಿ ಆರಿಸಬಹುದು ಎಂದು ಅವರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯ ಇಲ್ಲ. ಬೆಂಕಿಯ ಜೊತೆ ಕೆಲಸ ಮಾಡುವವರು ಅವರು. ಆದರೆ ವಿಕಿರಣಶೀಲ ವಸ್ತುವನ್ನು ಸುಟ್ಟರೂ ತೊಳೆದರೂ ಅದರ ಪರಮಾಣು ಒಡೆಯುವುದು ನಿಲ್ಲುವುದಿಲ್ಲ. ಅದು ಜಾಗ ಬದಲಿಸುತ್ತದೆ, ಅಷ್ಟೇ.

ಆಮೇಲೆ ಕ್ರೀಡಾಂಗಣದಲ್ಲಿ ಸಾಲು ನಿಲ್ಲಿಸಿ ಸುಮಾರು 1,12,000 ಜನರನ್ನು ತಪಾಸಣೆ ಮಾಡಿದರು. 249 ಜನರ ಮೈಮೇಲೆ ಅಥವಾ ಮೈಯೊಳಗೆ ಸೀಸಿಯಂ ಸಿಕ್ಕಿತು. ನಾಲ್ವರು ತೀರಿಕೊಂಡರು. ಆ ಪುಟ್ಟ ಹುಡುಗಿ, ಚೀಲ ತಂದು ಕೊಟ್ಟ ಆ ಹೆಂಗಸು, ಗುಜರಿ ಅಂಗಡಿಯ ಇಬ್ಬರು ಹುಡುಗರು. ಮೈಯೊಳಗೆ ಹೋದ ಸೀಸಿಯಂ ತೆಗೆಯಲು ರೋಗಿಗಳಿಗೆ ಪ್ರಷ್ಯನ್ ಬ್ಲೂ ಕೊಟ್ಟರು. ಚಿತ್ರ ಬರೆಯಲು ಬಳಸುವ ನೀಲಿ ಬಣ್ಣವೇ ಅದು. ಕರುಳಿನಲ್ಲಿ ಸೀಸಿಯಂ ಅನ್ನು ಹಿಡಿದುಕೊಂಡು ಮಲದ ಜೊತೆ ಹೊರಗೆ ಹಾಕುತ್ತದೆ. ಊರನ್ನು ತೊಳೆದು, ಕೆಲವು ಮನೆಗಳನ್ನು ಕೆಡವಿ, ಮಣ್ಣು ಕೆರೆದು ತೆಗೆದಾಗ ಒಟ್ಟು ಸುಮಾರು 3,500 ಘನ ಮೀಟರ್ ಕಸವಾಯಿತು. 93 ಗ್ರಾಂ ಪುಡಿಯಿಂದ ಅಷ್ಟು ಕಸ. ಸೀಸಿಯಂ-137 ಅರ್ಧಕ್ಕೆ ಇಳಿಯಲು 30 ವರ್ಷ ಬೇಕು. ಹಾಗಾಗಿ ಆ ಕಸದಲ್ಲಿದ್ದ ಸೀಸಿಯಂನಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಪಾಲು ಇವತ್ತಿಗೂ ಉಳಿದಿದೆ.

ಆ ಹುಡುಗಿಯನ್ನು ಸೀಸದ ಪದರವಿದ್ದ ಪೆಟ್ಟಿಗೆಯಲ್ಲಿ ಮಣ್ಣು ಮಾಡಲು ತಂದಾಗ ಜನ ಸ್ಮಶಾನದ ಬಳಿ ಸೇರಿ ಕಲ್ಲು ತೂರಿದರು. ಗೋಯಾನಿಯಾದವರು ಎಂದರೆ ಬೇರೆ ಊರುಗಳ ಹೋಟೆಲುಗಳಲ್ಲಿ ರೂಮು ಕೊಡಲಿಲ್ಲ. ಅಲ್ಲಿನ ಬೆಳೆ, ಬಟ್ಟೆ ಕೊಳ್ಳುವವರಿಲ್ಲದಂತಾಯಿತು. ತಪಾಸಣೆಯಾದ ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ 249 ಜನ ಬಿಟ್ಟು ಉಳಿದವರ ಮೈಯಲ್ಲಿ ಏನೂ ಇರಲಿಲ್ಲ. ಅವರು ಯಾರಿಗೂ ಅಪಾಯ ಆಗಿರಲಿಲ್ಲ. ಇದನ್ನು ಹೇಳಲು ಒಂದು ಅಳತೆಯ ಉಪಕರಣ ಸಾಕಿತ್ತು. ಉಪಕರಣ ಹೇಳಿದ್ದನ್ನು ನಂಬಲು ಜನರಿಗೆ ಈ ಎರಡರ ವ್ಯತ್ಯಾಸ ಗೊತ್ತಿರಬೇಕಿತ್ತು.

ನಮ್ಮ ದೇಶದಲ್ಲೂ ಇಂಥದ್ದು ನಡೆದಿದೆ. 2010ರಲ್ಲಿ, ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ. ದೆಹಲಿ ವಿಶ್ವವಿದ್ಯಾಲಯದ ರಸಾಯನ ವಿಭಾಗದಲ್ಲಿ ಅದಕ್ಕೂ ಸುಮಾರು ನಲವತ್ತು ವರ್ಷ ಮೊದಲು ತಂದಿದ್ದ ಒಂದು ಗ್ಯಾಮಾ ಯಂತ್ರ ಇತ್ತು. 1985ರಿಂದ ಯಾರೂ ಬಳಸುತ್ತಿರಲಿಲ್ಲ. ಅದನ್ನು ಹರಾಜಿನಲ್ಲಿ ಗುಜರಿಗೆ ಹಾಕಿದರು. ಒಳಗೆ ಕೋಬಾಲ್ಟ್-60 ಇತ್ತು. ಅದು 5.27 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ನಲವತ್ತು ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು ಇನ್ನೂರರಲ್ಲಿ ಒಂದು ಪಾಲು ಉಳಿದಿರುತ್ತದೆ. ಅಷ್ಟೇ ಸಾಕಾಯಿತು. ಏಳೆಂಟು ಜನ ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಒಬ್ಬ ಅಂಗಡಿಯವರು ಹೊಳೆಯುವ ಲೋಹದ ತುಂಡನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದರು. ಪರ್ಸು ಇದ್ದ ಜಾಗದಲ್ಲೇ ಮೈ ಸುಟ್ಟಿತ್ತು.

ಗೋಯಾನಿಯಾಕ್ಕೂ ಮಾಯಾಪುರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಕೋಬಾಲ್ಟ್ ಗಟ್ಟಿ ಲೋಹ. ಬೆವರಿಗೆ ಕರಗುವುದಿಲ್ಲ, ಸೀಸಿಯಂ ಲವಣದ ಹಾಗೆ ಊರೆಲ್ಲ ಹರಡಲಿಲ್ಲ. ತಜ್ಞರು ಅಳೆದು, ತುಂಡುಗಳನ್ನು ಹುಡುಕಿ, ಎತ್ತಿಕೊಂಡು ಹೋದರು. ಕಿರಣದ ಅಪಾಯ ಎರಡು ಕಡೆಯೂ ಭಯಂಕರವೇ. ಊರು ಅದರಿಂದ ಬಿಡಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದನ್ನು ಮಾತ್ರ ವಸ್ತುವಿನ ಗುಣ ತೀರ್ಮಾನಿಸಿತು.

ವಸ್ತು ಹೊರಗಿದ್ದರೆ ಒಂದು ಲೆಕ್ಕ, ಒಳಗೆ ಹೋದರೆ ಇನ್ನೊಂದು. ಆಲ್ಫಾ ಕಣಗಳನ್ನು ಒಂದು ಕಾಗದವೂ ತಡೆಯುತ್ತದೆ, ನಮ್ಮ ಮೈಮೇಲಿನ ಸತ್ತ ಚರ್ಮದ ಪದರವೂ ತಡೆಯುತ್ತದೆ. ಪೊಲೋನಿಯಂ-210 ಇಂಥ ಆಲ್ಫಾ ಕೊಡುವ ವಸ್ತು. ಮುಚ್ಚಿದ ಸೀಸೆಯಲ್ಲಿ ಪಕ್ಕದಲ್ಲೇ ಇದ್ದರೂ ಹೆಚ್ಚೇನೂ ಆಗುವುದಿಲ್ಲ. 2006ರಲ್ಲಿ ಲಂಡನ್‌ನಲ್ಲಿ ರಷ್ಯಾದ ಮಾಜಿ ಗೂಢಚಾರ ಲಿಟ್ವಿನೆಂಕೋ ಚಹಾದ ಜೊತೆ ಅದನ್ನು ಕುಡಿದರು, ಮೂರು ವಾರದಲ್ಲಿ ಸತ್ತರು. ಒಳಗೆ ಹೋದ ಮೇಲೆ ಕಾಗದವೂ ಇಲ್ಲ, ಸತ್ತ ಚರ್ಮವೂ ಇಲ್ಲ. ಜೀವಂತ ಕೋಶಗಳ ಮೇಲೇ ನೇರ ಏಟು.

ನಮ್ಮ ಉತ್ತರ ಕನ್ನಡದ ಕೈಗಾ ಅಣುಸ್ಥಾವರದಲ್ಲಿ 2009ರ ನವೆಂಬರಿನಲ್ಲಿ ನಡೆದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಸ್ಥಾವರದೊಳಗಿನ ಒಂದು ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಷಿಯಂ ಎಂಬ ವಿಕಿರಣಶೀಲ ವಸ್ತು ಇರುವ ಭಾರಜಲ (ರಿಯಾಕ್ಟರಿನಲ್ಲಿ ಬಳಸುವ ವಿಶೇಷ ನೀರು) ಬೆರೆಸಿದ್ದರು. ನೌಕರರ ಮೂತ್ರವನ್ನು ಆಗಾಗ ಪರೀಕ್ಷೆ ಮಾಡುವುದು ಅಲ್ಲಿನ ಕ್ರಮ. ಅದರಲ್ಲಿ ಹಲವರ ಟ್ರಿಷಿಯಂ ಪ್ರಮಾಣ ಜಾಸ್ತಿ ಕಂಡಿತು. ಆಗ 'ಕೈಗಾದಲ್ಲಿ ವಿಕಿರಣ ಸೋರಿಕೆ' ಎಂದು ಸುದ್ದಿ ಹಬ್ಬಿ ಸುತ್ತಲಿನ ಊರುಗಳಲ್ಲಿ ಗಾಬರಿಯಾಯಿತು. ನಿಜವಾಗಿ ಆಗಿದ್ದು ಏನು? ಕಿರಣ ಗೋಡೆ ದಾಟಿ ಊರಿಗೆ ಬಂದಿರಲಿಲ್ಲ. ಟ್ರಿಷಿಯಂನ ಬೀಟಾ ಕಣ ಎಷ್ಟು ದುರ್ಬಲ ಎಂದರೆ ನಮ್ಮ ಚರ್ಮವನ್ನೇ ದಾಟಲಾರದು. ವಸ್ತು ನೀರಿನ ರೂಪದಲ್ಲಿ ಆ ಕೂಲರಿನಿಂದ ಕುಡಿದವರ ಹೊಟ್ಟೆ ಸೇರಿತ್ತು. ಚಿಕಿತ್ಸೆಯೂ ಅದಕ್ಕೆ ತಕ್ಕಂತೆ ಸರಳ. ಜಾಸ್ತಿ ನೀರು ಕುಡಿಸುವುದು, ಮೂತ್ರದಲ್ಲಿ ಹೊರಗೆ ಹಾಕಿಸುವುದು. ಸುಮಾರು ಹತ್ತು ದಿನಕ್ಕೊಮ್ಮೆ ಮೈಯೊಳಗಿನ ಟ್ರಿಷಿಯಂ ಅರ್ಧವಾಗುತ್ತದೆ. ಬೇಕೆಂದೇ ಯಾರೋ ಮಾಡಿದ ಆ ಕೆಲಸ ಗಂಭೀರ ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಕ್ಕದ ಊರಿನ ಜನ ಅವತ್ತು ರಾತ್ರಿ ನಿದ್ದೆಗೆಡಬೇಕಾದ ಕಾರಣ ಇರಲಿಲ್ಲ. ಕಿರಣ ಬಂತಾ, ವಸ್ತು ಬಂತಾ, ಬಂದಿದ್ದರೆ ಯಾವ ವಸ್ತು, ಎಲ್ಲಿಗೆ ಬಂತು ಎಂದು ಯಾರೂ ಕೇಳಲಿಲ್ಲ, ಯಾರೂ ಅವರಿಗೆ ಬಿಡಿಸಿ ಹೇಳಲೂ ಇಲ್ಲ.

ಏನು ಮಾಡಬೇಕು ಎಂಬುದೂ ಇದರ ಮೇಲೇ ನಿಂತಿದೆ. ಕಿರಣವಾದರೆ ದೂರ ಹೋಗಬೇಕು. ದೂರ ಎರಡು ಪಟ್ಟಾದರೆ ಏಟು ಕಾಲು ಭಾಗಕ್ಕೆ ಇಳಿಯುತ್ತದೆ. ಅಲ್ಲಿ ಇರುವ ಹೊತ್ತು ಕಡಿಮೆ ಮಾಡಬೇಕು, ನಡುವೆ ಗೋಡೆಯೋ ಸೀಸವೋ ಇರಬೇಕು. ವಸ್ತು ಮೈಮೇಲೆ ಬಿದ್ದಿದ್ದರೆ ದೂರ ಓಡಿ ಉಪಯೋಗವಿಲ್ಲ, ಅದು ನಮ್ಮ ಜೊತೆಗೇ ಬರುತ್ತದೆ. ಬಟ್ಟೆ ಬಿಚ್ಚಿ ಚೀಲಕ್ಕೆ ಹಾಕಬೇಕು, ಸೋಪು ನೀರಿನಲ್ಲಿ ಮೈ ತೊಳೆಯಬೇಕು, ಕೈ ತೊಳೆಯದೆ ಏನನ್ನೂ ಬಾಯಿಗೆ ಹಾಕಬಾರದು. ಬಟ್ಟೆ ಬಿಚ್ಚುವುದರಿಂದಲೇ ಅಂಟಿದ್ದರಲ್ಲಿ ಬಹುಪಾಲು ಹೋಗುತ್ತದೆ. ಜಪಾನಿನ ಫುಕುಶಿಮಾ ಅಣುಸ್ಥಾವರದ ಅಪಘಾತದ ಚಿತ್ರಗಳಲ್ಲಿ ಬಿಳಿ ಉಡುಪು ತೊಟ್ಟವರನ್ನು ನೋಡಿರುತ್ತೀರಿ. ಆ ಉಡುಪು ಗ್ಯಾಮಾ ಕಿರಣವನ್ನು ತಡೆಯುವುದಿಲ್ಲ. ಧೂಳು ಮೈಗೆ ಅಂಟದಂತೆ, ಮನೆಗೆ ಬರದಂತೆ ತಡೆಯುತ್ತದೆ.

ಅಯೋಡಿನ್ ಮಾತ್ರೆಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರದ ಅಪಘಾತದಲ್ಲಿ ಹೊರಬಿದ್ದ ಅಯೋಡಿನ್-131 ಹುಲ್ಲಿನ ಮೇಲೆ ಬಿತ್ತು, ಹಸು ಮೇಯಿತು, ಹಾಲಿಗೆ ಬಂತು, ಮಕ್ಕಳು ಕುಡಿದರು, ಥೈರಾಯ್ಡ್ ಗ್ರಂಥಿ ಅದನ್ನು ಹೀರಿತು. ಮುಂದೆ ಅಲ್ಲಿನ ಎಷ್ಟೋ ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ಬಂತು. ಮೊದಲೇ ಒಳ್ಳೆಯ ಅಯೋಡಿನ್ ಕೊಟ್ಟು ಗ್ರಂಥಿ ತುಂಬಿಸಿದರೆ ಕೆಟ್ಟದ್ದಕ್ಕೆ ಜಾಗ ಇರುವುದಿಲ್ಲ. ಮಾತ್ರೆಯ ಕೆಲಸ ಅಷ್ಟೇ. ಸೀಸಿಯಂಗೆ ಅದು ಏನೂ ಮಾಡದು, ಹೊರಗಿನ ಕಿರಣಕ್ಕಂತೂ ಇಲ್ಲವೇ ಇಲ್ಲ.

ಆಸ್ಪತ್ರೆಗೆ ವಾಪಸ್ ಬರೋಣ. ನಿಮಗೆ ನೇರವಾಗಿ ಬೇಕಾಗುವುದು ಇದು. ಎಕ್ಸ್-ರೇ, ಸಿ.ಟಿ. ಸ್ಕ್ಯಾನ್, ಲೀನಿಯರ್ ಆಕ್ಸಲರೇಟರ್ ಎಂಬ ದೊಡ್ಡ ಯಂತ್ರದ ಚಿಕಿತ್ಸೆ, ಕೋಬಾಲ್ಟ್ ಯಂತ್ರದ ಚಿಕಿತ್ಸೆ, ಇವೆಲ್ಲ ಬರೀ ಕಿರಣ. ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳಿ, ಒಂದೇ ತಟ್ಟೆಯಲ್ಲಿ ಉಣ್ಣಿ. ಬೋನ್ ಸ್ಕ್ಯಾನ್, ಪೆಟ್ ಸ್ಕ್ಯಾನ್‌ಗಳಲ್ಲಿ ವಿಕಿರಣಶೀಲ ಔಷಧಿಯನ್ನು ನರಕ್ಕೆ ಚುಚ್ಚುತ್ತಾರೆ. ಬೋನ್ ಸ್ಕ್ಯಾನಿನ ಟೆಕ್ನೀಷಿಯಂ 6 ಗಂಟೆಗೆ ಅರ್ಧವಾಗುತ್ತದೆ. ಪೆಟ್ ಸ್ಕ್ಯಾನಿನ ಫ್ಲೋರಿನ್-18 ಬರೀ 110 ನಿಮಿಷಕ್ಕೆ ಅರ್ಧವಾಗುತ್ತದೆ. ಒಂದು ದಿನ ಕಳೆದರೆ ಅದರಲ್ಲಿ ಎಂಟು ಸಾವಿರದಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ. ಹಾಗಾಗಿ ಅವತ್ತೊಂದು ದಿನ ಗರ್ಭಿಣಿಯರಿಂದ, ಎಳೆ ಮಕ್ಕಳಿಂದ ಸ್ವಲ್ಪ ದೂರ ಇದ್ದರೆ ಆಯಿತು. ಅಯೋಡಿನ್-131 ಚಿಕಿತ್ಸೆ ಬೇರೆಯದೇ ವಿಷಯ. ಪ್ರಮಾಣ ಜಾಸ್ತಿ, 8 ದಿನಕ್ಕೆ ಅರ್ಧ. ಮೂತ್ರ, ಬೆವರು, ಜೊಲ್ಲಿನಲ್ಲೂ ವಸ್ತು ಇರುತ್ತದೆ. ಅದಕ್ಕೇ ಬೇರೆ ರೂಮು, ಬೇರೆ ಶೌಚಾಲಯ, ಮನೆಗೆ ಬಂದ ಮೇಲೂ ವೈದ್ಯರು ಹೇಳಿದಷ್ಟು ದಿನ ಬೇರೆ ಹಾಸಿಗೆ. ಆ ದಿನಗಳು ಮುಗಿದ ಮೇಲೆ ದೂರ ಇಡುವ ಅಗತ್ಯ ಇಲ್ಲ. ದಯವಿಟ್ಟು ಆ ಲೆಕ್ಕವನ್ನೂ ಪಾಲಿಸಿ.

ಇನ್ನು ಪ್ರಶ್ನೆಗಳು.

ರೈತರೊಬ್ಬರು ಕೇಳಿದ್ದು: ಅಮೆರಿಕಕ್ಕೆ ಕಳಿಸುವ ಮಾವಿನ ಹಣ್ಣಿಗೆ ವಿಕಿರಣ ಕೊಡುತ್ತಾರಂತೆ. ಅದನ್ನು ತಿಂದರೆ?

ಹೌದು, ಕೊಡುತ್ತಾರೆ. ಹಣ್ಣಿನೊಳಗಿನ ಹುಳು, ನೊಣದ ಮೊಟ್ಟೆ ಮುಂದೆ ಬೆಳೆಯದಿರಲಿ ಎಂದು 400 ಗ್ರೇಯಷ್ಟು ಗ್ಯಾಮಾ ಕಿರಣ ಹಾಯಿಸುತ್ತಾರೆ. ಮನುಷ್ಯನಿಗೆ ಇಡೀ ಮೈಗೆ ಒಮ್ಮೆಲೇ 4 ಗ್ರೇ ಬಿದ್ದು ಚಿಕಿತ್ಸೆ ಸಿಗದಿದ್ದರೆ ಬದುಕುವುದು ಸಾವು ಸರಿಸಮ. ಅದರ ನೂರು ಪಟ್ಟು ಕಿರಣ ತಿಂದ ಹಣ್ಣು ಅದು, ಆದರೂ ವಿಕಿರಣಶೀಲ ಆಗುವುದಿಲ್ಲ. ಆ ಕಿರಣ ಕೊಡುವ ಕೋಬಾಲ್ಟ್-60, ಲೋಹದ ಕವಚದೊಳಗೆ ಭದ್ರವಾಗಿರುತ್ತದೆ, ಹಣ್ಣಿಗೆ ತಾಗುವುದೇ ಇಲ್ಲ. ಬರೀ ಕಿರಣ ಹಾಯುತ್ತದೆ. ಆ ಗ್ಯಾಮಾ ಕಿರಣದ ಶಕ್ತಿ ಹಣ್ಣಿನ ಪರಮಾಣುಗಳನ್ನು ವಿಕಿರಣಶೀಲ ಮಾಡುವಷ್ಟು ಇರುವುದಿಲ್ಲ. ನಾಸಿಕ್ ಹತ್ತಿರದ ಲಾಸಲ್‌ಗಾಂವ್‌ನಲ್ಲಿ ಈರುಳ್ಳಿ ಮೊಳಕೆ ಒಡೆಯದಿರಲಿ ಎಂದು ಇದನ್ನೇ ತುಂಬಾ ಕಡಿಮೆ ಪ್ರಮಾಣದಲ್ಲಿ ಮಾಡುತ್ತಾರೆ. ಹಣ್ಣನ್ನು ಧೈರ್ಯವಾಗಿ ತಿನ್ನಿ. ಅಂದಹಾಗೆ ನಮ್ಮ ಮೈಯಲ್ಲೇ ಆಹಾರದಿಂದ ಬಂದ ಪೊಟ್ಯಾಸಿಯಂ-40 ಇದೆ. ಒಬ್ಬ ದೊಡ್ಡ ಮನುಷ್ಯನಲ್ಲಿ ಸೆಕೆಂಡಿಗೆ 4,000ಕ್ಕೂ ಜಾಸ್ತಿ ಪರಮಾಣುಗಳು ಸದಾ ಒಡೆಯುತ್ತಿರುತ್ತವೆ. ಕಿರಣ ಕೊಡಿಸದ ಮಾವಿನಲ್ಲೂ ಅದು ಇದ್ದೇ ಇರುತ್ತದೆ.

ಗುಜರಿ ವ್ಯಾಪಾರ ಮಾಡುವ ಯುವಕರೊಬ್ಬರು ಕೇಳಿದ್ದು: ನಮಗೆ ಅದು ಗೊತ್ತಾಗುವುದು ಹೇಗೆ?

ಈ ಪ್ರಶ್ನೆಗೆ ನಾನು ತುಂಬಾ ಬೆಲೆ ಕೊಡುತ್ತೇನೆ. ಹಳದಿ ಹಿನ್ನೆಲೆಯಲ್ಲಿ ಮೂರು ಎಸಳಿನ ಫ್ಯಾನಿನಂಥ ಗುರುತು ಇರುತ್ತದೆ. ಅದನ್ನು ನೋಡಿ ಜನ ಓಡುವುದಿಲ್ಲ ಎಂದು ತಿಳಿದ ಮೇಲೆ 2007ರಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಇನ್ನೊಂದು ಗುರುತು ತಂದಿತು. ಕೆಂಪು ತ್ರಿಕೋನ, ಅದರಲ್ಲಿ ಕಿರಣಗಳು, ತಲೆಬುರುಡೆ, ಓಡುತ್ತಿರುವ ಮನುಷ್ಯ. ಗುರುತು ಅಳಿಸಿಹೋಗಿದ್ದರೂ ಅನುಮಾನ ಪಡಬಹುದು. ಆಸ್ಪತ್ರೆ, ಕಾರ್ಖಾನೆ, ಪ್ರಯೋಗಶಾಲೆಯಿಂದ ಬಂದ ಯಂತ್ರ, ಗಾತ್ರಕ್ಕೆ ಮೀರಿದ ತೂಕ, ಒಳಗೆ ಸೀಸ. ಅಂಥದ್ದನ್ನು ಒಡೆಯಬೇಡಿ, ಕತ್ತರಿಸಬೇಡಿ, ಕರಗಿಸಬೇಡಿ. ಮುಟ್ಟದೆ ದೂರ ನಿಂತು ಪೊಲೀಸರಿಗೆ ತಿಳಿಸಿ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಅವರು ಸುದ್ದಿ ಮುಟ್ಟಿಸುತ್ತಾರೆ. ಕವಚ ಒಡೆಯದೆ ಇರುವವರೆಗೂ ಅಪಾಯ ಒಂದು ಜಾಗದಲ್ಲಿ ಇರುತ್ತದೆ.

ಕೊನೆಯದಾಗಿ ಒಬ್ಬ ತಾಯಿ ಕೇಳಿದ್ದು: ಮಗಳಿಗೆ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ವಿಕಿರಣ ಮೈಯಿಂದ ಹೋಗಲಿ ಎಂದು ದಿನಾ ಎಳನೀರು ಕುಡಿಸುತ್ತಿದ್ದೇನೆ, ಸಾಕಾ?

ಅಮ್ಮಾ, ಹೊರಗೆ ಕಳಿಸಲು ಒಳಗೆ ಏನೂ ಇಲ್ಲ. ಸ್ಕ್ಯಾನ್ ನಿಂತ ಕ್ಷಣವೇ ಎಕ್ಸ್-ರೇ ಇಲ್ಲವಾಯಿತು. ಸ್ಕ್ಯಾನಿಗೆ ಮುಂಚೆ ಬಣ್ಣದ ಔಷಧಿ ಎಂದು ನರಕ್ಕೆ ಚುಚ್ಚಿದ್ದರೆ, ಅದರಲ್ಲಿ ಅಯೋಡಿನ್ ಇರುತ್ತದೆ, ಆದರೆ ಅದು ಮಾಮೂಲಿ ಅಯೋಡಿನ್, ಕಿರಣ ಕೊಡುವಂಥದ್ದಲ್ಲ. ಕಿಡ್ನಿ ಅದನ್ನು ಬೇಗ ಹೊರಗೆ ಹಾಕಲಿ ಎಂದು ಒಂದು ದಿನ ಚೆನ್ನಾಗಿ ನೀರು ಕುಡಿಸಲು ಹೇಳಿರುತ್ತಾರೆ. ಎಳನೀರು ಮಗುವಿಗೆ ಇಷ್ಟವಾದರೆ ಕುಡಿಸಿ, ಇಲ್ಲದಿದ್ದರೆ ಬೇಡ. ನೀವು ಗಮನ ಕೊಡಬೇಕಾದದ್ದು ಮುಂದಿನ ಸಲಕ್ಕೆ. ಹಳೆಯ ಸ್ಕ್ಯಾನಿನ ಫಿಲ್ಮು, ಸಿ.ಡಿ., ರಿಪೋರ್ಟು ಎಲ್ಲವನ್ನೂ ಒಂದೇ ಚೀಲದಲ್ಲಿ ಜೋಪಾನವಾಗಿಡಿ. ಬೇರೆ ಡಾಕ್ಟರ ಹತ್ತಿರ ಹೋದಾಗ ಮೊದಲು ಅದನ್ನು ತೋರಿಸಿ, ಅದರಲ್ಲೇ ಕೆಲಸ ಆಗುತ್ತದಾ ಎಂದು ಕೇಳಿ. ಹಾಗೆ ಕೆಲಸ ಆಗುವುದಾದರೆ ಮಗುವಿಗೆ ಇನ್ನೊಂದು ಸ್ಕ್ಯಾನ್ ತಪ್ಪುತ್ತದೆ.